ಪ್ರೊಫೆಸರರ ಎದುರು ತೆಗೆದ ದೃಷ್ಟಿ

ಮಾರಾಯ್ರೇ, ಇವತ್ತು ನಾನು ಇಂಗ್ಲೆಂಡಿನ ಪ್ರೊಫೆಸರರ ಮುಖಕ್ಕೇ ಉಗುಳಿಬಿಟ್ಟೆ.

ಕೊರೊನಾ ಕಾರಣ ಮೊಮ್ಮಗಳು ಶ್ರೇಯಾಳ ಡಾಕ್ಟರ್ ಕಾಲೇಜಿನ ಇಂಟರ್‌ವ್ಯೂ ಇಲ್ಲಿ ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲೇ, ಲ್ಯಾಪ್‌ಟಾಪಿನ ಎದುರು ನಡೆಯಿತು. ಮಗ, ಸೊಸೆ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಹುಡುಗಿ ಎಷ್ಟು ಚಂದ ಇಂಗ್ಲಿಷ್ ಮಾತಾಡುತ್ತಿದ್ದಳೆಂದರೆ, ದೃಷ್ಟಿ ತಾಗದೆ ಇರುವುದಿಲ್ಲ ಅನ್ನಿಸಿತು. ಉಪ್ಪು, ಮೆಣಸು ಹಿಡಿದು ಒಳಗೆ ನುಗ್ಗಿ ಅವಳ ತಲೆಗೆ ನಿವಾಳಿಸಿದೆ.

"ಮೂರು ಸಲ ಉಗುಳು ಮಗಾ."

"ಅಜ್ಜೀ, ಪ್ಲೀಸ್, ನಾಟ್ ನೌ!"

"ನಿಂಗೆ ನಾಚಿಕೆಯಾದ್ರೆ ನಾನೇ ಉಗುಳ್ತೇನೆ," ಎಂದು ಥೂ ಥೂ ಥೂ ಮಾಡಿದೆ. ನನ್ನ ಮುಖ ಇದ್ದದ್ದು ಪರದೆಯ ಕಡೆಗೆ. ಆ ಮನುಷ್ಯ ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರು.

ಸೊಸೆ ಓಡಿಬಂದು ನನ್ನನ್ನು ಹೊರಗೆ ಕರೆತಂದಳು. "ಎರಡು ವರ್ಷ ನಿದ್ದೆಗೆಟ್ಟು ಓದಿದ್ದಾಳೆ ಅತ್ತೆ," ಅಂದಳು, ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹೇಳಬಹುದಿತ್ತು.

ಇಂಟರ್‌ವ್ಯೂ ಮುಗಿಸಿ ಶ್ರೇಯಾ ಹೊರಗೆ ಬಂದಳು. "ಅಜ್ಜಿ, ಅವ್ರು ಲಾಸ್ಟಿಗೆ ಕೇಳಿದ್ರು, ನಿನ್ನ ಅಜ್ಜಿಗೆ ನಾನು ಇಷ್ಟ ಆಗ್ಲಿಲ್ವಾ ಅಂತ."

ಸೀಟಿನ ಉತ್ತರ ಬರುವ ತನಕ ನಾನು ಮನೆಯೊಳಗೂ ಮಾಸ್ಕ್ ತೆಗೆಯುವುದಿಲ್ಲ. ಸೊಸೆಯ ಎದುರು ಮುಖ ಮುಚ್ಚಿಕೊಳ್ಳಲು ಸರಕಾರವೇ ಒಂದು ದಾರಿ ಮಾಡಿಕೊಟ್ಟಿದೆ.