ಇನ್ನೊಂದೇ ಹಲ್ಲು

ಬೀದಿಯವರೆಲ್ಲ ಬ್ರೇಕ್ ಮಾವ ಎಂದು ಕರೆಯುವ ನಮ್ಮ ಪಕ್ಕದ ಮನೆಯ ಯಜಮಾನರು ರಜೆಯ ದಿನ ಬೆಳಗಾದರೆ ಕಾರಿನ ಹಿಂದಿನ ಗಾಲಿಗಳನ್ನು ಬಿಚ್ಚಿಟ್ಟುಕೊಂಡು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಹಿಂದೊಮ್ಮೆ ಒಬ್ಬ ಮೆಕ್ಯಾನಿಕ್ ಬ್ರೇಕಿನ ಸಡಿಲ ತೆಗೆಯುವ ಹಲ್ಲುಚಕ್ರಗಳನ್ನು ಅದಲುಬದಲು ಮಾಡಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿಬಿಟ್ಟಿದ್ದ; ತಾನಾಗಿ ಬಿಗಿಯಾಗಬೇಕಾದ ಬ್ರೇಕು ಒತ್ತಿದಷ್ಟೂ ಸಡಿಲವಾಗುತ್ತ ಹೋಗಿ, ಮಾವ ಅತ್ತೆ ಇಬ್ಬರೂ ಕೂತಿದ್ದ ಕಾರು ಇಳಿಜಾರಿನ ಕೊನೆಯ ಗೋಡೆಗೆ ಮುತ್ತಿಟ್ಟೇ ನಿಂತಿತು. ಆ ತಪ್ಪನ್ನು ಮಾವ ಅದೇ ವಾರ ಕೈಯಾರೆ ಸರಿಮಾಡಿದರು. ಆದರೂ ಬಿಚ್ಚುವುದು ನಿಂತಿಲ್ಲ. ಗಾಲಿಯ ಹಿಂದಿನ ಬ್ರೇಕ್ ಡ್ರಮ್ಮನ್ನು ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ತಿರುಗಿಸಿ, ಕಣ್ಣು ಮುಚ್ಚಿ, ಒಳಗೆ ಅದನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂ ಸವರುವ ಪಿಸುದನಿಗೆ ಕಿವಿಗೊಡುತ್ತಾರೆ. “ಇನ್ನೊಂದೇ ಹಲ್ಲು” ಎನ್ನುತ್ತ ಸ್ಕ್ರೂಡ್ರೈವರಿನಿಂದ ಆ ಹಲ್ಲುಚಕ್ರವನ್ನು ಒಂದು ಹಲ್ಲು ಸರಿಸಿ ಮತ್ತೆ ತಿರುಗಿಸುತ್ತಾರೆ. ಬಿಸಿಲು ಅಂಗಳ ದಾಟುತ್ತದೆ, ಲೋಟದ ಚಹಾ ಆರುತ್ತದೆ, ಬೆಕ್ಕು ಬಿಚ್ಚಿಟ್ಟ ಟೈರಿನೊಳಗೆ ಒಂದು ನಿದ್ದೆ ಮುಗಿಸಿ ಮೈಮುರಿಯುತ್ತದೆ. ಊಟಕ್ಕೆ ಕೂತರೂ ತಟ್ಟೆಯನ್ನೊಮ್ಮೆ ತಿರುಗಿಸಿ ಆಲಿಸುತ್ತಾರಂತೆ. “ಸರಿಯಾಗೇ ಇದೆಯಲ್ಲ ಮಾವ, ಇನ್ನೇನು ಹುಡುಕ್ತೀರಿ?” ಎಂದು ಕೇಳಿದರೆ ನಕ್ಕು ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಮೊನ್ನೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ಅದೇ ಇಳಿಜಾರು ಬಂತು. ಮುಂದೆ ಮಾವನ ಪಕ್ಕದಲ್ಲಿದ್ದ ಅತ್ತೆ, ಆಡುತ್ತಿದ್ದ ಮಾತನ್ನು ನಿಲ್ಲಿಸದೆಯೇ, ಬ್ರೇಕೇ ಇಲ್ಲದ ತಮ್ಮ ಕಡೆಯ ನೆಲವನ್ನು ಬಲಗಾಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿದರು. ಕಾರು ಹೂವೆತ್ತಿದಷ್ಟು ಹಗುರಾಗಿ ನಿಂತಿತು. ಮಾವ ಆ ಕಾಲನ್ನು ಓರೆಗಣ್ಣಿನಿಂದ ನೋಡಿ, ತಮ್ಮಷ್ಟಕ್ಕೇ ಗೊಣಗಿಕೊಂಡರು: “ಇನ್ನೊಂದೇ ಹಲ್ಲು.”