ಶುಕ್ರವಾರಕ್ಕೊಂದು ಸರ್ವರ್

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸ್ವಿಚ್ಚಕ್ಕ ಎಂದೇ. ಕಣ್ಣು ಕಾಣದವರಿಗಾಗಿ ಓದಿ ಧ್ವನಿಮುದ್ರಿಸಿದ ಎಂಬತ್ತು ಸಾವಿರ ಪುಸ್ತಕಗಳನ್ನು ಕಾಯುವುದು ಅವಳ ಕೆಲಸ. ಒಂದೊಂದು ಪುಸ್ತಕವನ್ನೂ ತುಂಡು ಮಾಡಿ, ತುಂಡಿಗೆ ಮೂರು ಪ್ರತಿಯಂತೆ ಹನ್ನೆರಡು ಕ್ಲೌಡ್ ಸರ್ವರ್‌ಗಳಲ್ಲಿ ಹಂಚಿಟ್ಟಿದ್ದಾಳೆ. ಪ್ರತಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಕೇಳುವವರು ಕಿಕ್ಕಿರಿದಿರುವ ಹೊತ್ತಿನಲ್ಲೇ, ಅವುಗಳಲ್ಲಿ ಒಂದನ್ನು ಬೇಕೆಂದೇ ಅಳಿಸಿಹಾಕುತ್ತಾಳೆ. ಆರು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದವಳಲ್ಲ. ಅಳಿಸಿದ್ದರ ಜಾಗಕ್ಕೆ ಖಾಲಿ ಸರ್ವರೊಂದು ಬರುತ್ತದೆ; ಹೋದ ತುಂಡುಗಳನ್ನು ಉಳಿದ ಸರ್ವರ್‌ಗಳು ತಾವಾಗಿಯೇ ನಕಲು ಮಾಡಿಕೊಳ್ಳುವುದನ್ನು ನೋಡುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ.

ಹೊಸದಾಗಿ ಬಂದ ಮ್ಯಾನೇಜರಿಗೆ ಮೊದಲ ಶುಕ್ರವಾರವೇ ಇದು ಶುದ್ಧ ಹುಚ್ಚಾಟವಾಗಿ ಕಂಡಿತು.

“ಚೆನ್ನಾಗಿ ಓಡ್ತಿರೋದನ್ನ ಯಾಕ್ರೀ ಕೆಡಿಸ್ತೀರಿ? ಇವತ್ತಿಗೇ ಕೊನೆ.”

ಸ್ವಿಚ್ಚಕ್ಕ ಕುರ್ಚಿ ಬಿಟ್ಟು ಎದ್ದಳು. “ತಾನಾಗೇ ಕೆಟ್ಟ ದಿನ ಕಥೆ ನಿಲ್ಲಬಾರದಲ್ಲ, ಅದಕ್ಕೇ ಈ ಪರೀಕ್ಷೆ. ಇವತ್ತು ನೀವೇ ಅಳಿಸಿ ಸರ್. ಯಾರಿಗಾದ್ರೂ ಕಥೆ ನಿಂತ್ರೆ ನಾನು ಇನ್ನು ಮುಟ್ಟಲ್ಲ.”

ಮ್ಯಾನೇಜರು ಉಸಿರು ಬಿಗಿಹಿಡಿದು ನಾಲ್ಕನೆಯ ಸರ್ವರನ್ನು ಅಳಿಸಿದರು. ಏನೂ ಆಗಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇದೇನು ಮಹಾ ಎಂದುಕೊಂಡು ಒಂಬತ್ತನೆಯದನ್ನೂ ಅಳಿಸಿಬಿಟ್ಟರು.

“ಅಯ್ಯೋ ಸರ್! ನಾಲ್ಕನೇದರ ನಕಲೇ ಇನ್ನೂ ಮುಗಿದಿಲ್ಲ!”

ಪರದೆ ಕೆಂಪಾಯಿತು. ಒಂದೇ ಪ್ರತಿ ಉಳಿದ ತುಂಡುಗಳು ಹನ್ನೊಂದು ಸಾವಿರ. ಈಗ ಇನ್ನೊಂದು ಸರ್ವರ್ ಕೈಕೊಟ್ಟರೆ ಅದೆಷ್ಟೋ ಪುಸ್ತಕಗಳಿಗೆ ಎಳ್ಳುನೀರೇ. ಮ್ಯಾನೇಜರ ಮುಖ ಬಿಳಿಚಿಕೊಂಡಿತು.

“ಈಗೇನ್ ಮಾಡೋದು?”

“ಏನೂ ಮಾಡ್ಬಾರ್ದು. ಕೈ ಕಟ್ಕೊಂಡು ಕೂತ್ಕೊಳ್ಳಿ.”

ಒಂಟಿಯಾದ ತುಂಡುಗಳನ್ನೇ ಮೊದಲು ನಕಲು ಮಾಡಬೇಕೆಂದು ಅವಳು ಎಂದೋ ಕಲಿಸಿಟ್ಟಿದ್ದಳು. ಎಂಟು ಸಾವಿರ, ಮೂರು ಸಾವಿರ, ನಾನೂರು. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ. ಸೊನ್ನೆ ಬಂದಾಗ ಸ್ವಿಚ್ಚಕ್ಕ ಮೇಜು ಕುಟ್ಟಿ ಗಟ್ಟಿಯಾಗಿ ನಕ್ಕಳು.

“ಕೇಳ್ತಿದ್ದೋರಿಗೆ ಕಥೆ ನಿಲ್ಲಲಿಲ್ಲ ಅಂತ ಏನು ಗ್ಯಾರಂಟಿ?” ಮ್ಯಾನೇಜರು ಬೆವರು ಒರೆಸಿಕೊಂಡರು.

ಅವಳು ಸ್ಪೀಕರ್ ಹಾಕಿ ಮನೆಗೆ ಫೋನ್ ಮಾಡಿದಳು. ಕಣ್ಣು ಕಾಣದ ಅತ್ತೆ ಬೆಳಗಿನಿಂದ ಇಲ್ಲಿಂದಲೇ ಬರುವ ಪತ್ತೇದಾರಿ ಕಾದಂಬರಿಗೆ ಕಿವಿಗೊಟ್ಟು ಕೂತಿದ್ದರು.

“ಅತ್ತೆ, ಕಥೆ ಮಧ್ಯದಲ್ಲಿ ನಿಲ್ತಾ?”

“ಈಗ ನಿಲ್ತು ನೋಡು, ನಿನ್ನ ಫೋನಿಂದ! ಕೊಲೆಗಾರ ಯಾರು ಅಂತ ಪತ್ತೇದಾರ ಹೇಳೋದ್ರಲ್ಲಿದ್ದ. ಇಡೇ ಫೋನು!”

ಮ್ಯಾನೇಜರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಮುಂದಿನ ಶುಕ್ರವಾರವೂ ನಾನೇ ಅಳಿಸ್ಲಾ?”

“ಅಳಿಸಿ ಸರ್,” ಎಂದಳು ಸ್ವಿಚ್ಚಕ್ಕ, “ಆದ್ರೆ ಒಂದೇ.”