ಒಂದೇ ಕಂಪ್ಯೂಟರಿನ ಆರು ಜನ

ಹುಸೇನಮ್ಮ ಅನ್ನುವ ಹೆಂಗಸು ಇರುವುದೇ ಸುಳ್ಳು ಎಂದು ಮೊದಲು ಬರೆದವಳು ನಾನೇ. ಆಮೇಲೆ ಅವಳ ಜೊತೆ ಕೂತು ಎಷ್ಟು ಸಲ ಚಹಾ ಕುಡಿದರೇನು, ಬರೆದದ್ದು ಬರೆದದ್ದೇ. ಅದಕ್ಕೇ ಅವಳ ವಿಷಯವನ್ನು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾನು ರಮಾಮಣಿ. ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದು 2004ರಲ್ಲಿ ನಿವೃತ್ತಳಾದೆ. ಮನೆ ಇಂದಿರಾನಗರದ ಪಕ್ಕ, ವಿಮಾ ನೌಕರರ ಕಾಲೊನಿಯ ಹಿಂದಿನ ರಸ್ತೆಯಲ್ಲಿ. ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಅಂದುಕೊಳ್ಳುವವಳು. ನಿವೃತ್ತಿಯ ಮೇಲೆ ಆ ಗುಣಕ್ಕೆ ತಕ್ಕ ಕೆಲಸವೂ ಸಿಕ್ಕಿತು. ‘ಊರುಪುಟ’ ಅಂತ ಒಂದು ಕನ್ನಡ ವೆಬ್‌ಸೈಟು, ಹಳ್ಳಿಗೊಂದು ಪುಟ. ಹೆಸರು ನೋಂದಾಯಿಸಿಕೊಂಡು ಯಾರು ಬೇಕಾದರೂ ಬರೆಯಬಹುದು, ಯಾರಿಗೂ ಸಂಬಳವಿಲ್ಲ. ಬರೆದದ್ದು ನಿಜವೋ ಸುಳ್ಳೋ ನೋಡುವ ನಾಲ್ಕು ಜನರಲ್ಲಿ ನಾನೊಬ್ಬಳು. ಸೈಟನ್ನು ನಡೆಸುತ್ತಿದ್ದವನು ಬೆನ್ಸನ್ ಟೌನಿನ ನಚಿಕೇತ, ಕಂಪನಿ ಕೆಲಸದವನು, ನನ್ನನ್ನು ಆಂಟಿ ಅನ್ನುತ್ತಿದ್ದ.

ಊರುಪುಟಕ್ಕೆ ಒಂದು ಕಟ್ಟಳೆ ಇತ್ತು. ಸಾಫ್ಟ್‌ವೇರಿನಲ್ಲಿ ಏನೇ ಬದಲಾಯಿಸಬೇಕಾದರೂ ‘ಜಗಲಿ’ ಎಂಬ ಪುಟದಲ್ಲಿ ಏಳು ದಿನ ಎಲ್ಲರ ಒಪ್ಪಿಗೆ ಕೇಳಬೇಕು. ಬರೆಯುವವರು ಬೇಕು ಅಥವಾ ಬೇಡ ಎಂದು ಹೆಸರು ಹಾಕಬೇಕು. ಬೇಕು ಅನ್ನುವವರು ಹೆಚ್ಚಾದರೆ ಮಾತ್ರ ಬದಲಾವಣೆ. ನಚಿಕೇತನೇ ಆದರೂ ತನ್ನಿಷ್ಟಕ್ಕೆ ಕೈ ಹಾಕುವ ಹಾಗಿರಲಿಲ್ಲ.

2007ರಲ್ಲಿ ಕೆ.ಆರ್. ಪುರದ ಕಡೆಯ ಯಾರೋ ದಲ್ಲಾಳಿಗಳು ಹತ್ತಾರು ಸುಳ್ಳು ಹೆಸರಿನಲ್ಲಿ ಒಳಗೆ ಬಂದು ಹಳ್ಳಿಯ ಪುಟಗಳಲ್ಲೆಲ್ಲ ಲೇಔಟಿನ ಜಾಹೀರಾತು ತುಂಬಿಬಿಟ್ಟರು. ಅಳಿಸಿ ಅಳಿಸಿ ನನ್ನ ಬೆರಳು ಸೋತವು. ಆಗ ನಚಿಕೇತ ಒಂದು ಭಾನುವಾರ ಬೆಳಿಗ್ಗೆ ಜಗಲಿಗೆ ಪ್ರಸ್ತಾಪ ಹಾಕಿದ: ಇನ್ನು ಮುಂದೆ ಒಂದು ಕಂಪ್ಯೂಟರಿಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ಕಂಪ್ಯೂಟರು. ಮುಂದಿನ ಭಾನುವಾರ ಸಂಜೆ ಆರಕ್ಕೆ ಗಡುವು. ಮೊದಲ ‘ಬೇಕು’ ನನ್ನದೇ.

ಅದೇ ಮಧ್ಯಾಹ್ನ ಒಂದೇ ಗಂಟೆಯೊಳಗೆ ಆರು ‘ಬೇಡ’ ಬಂದವು. ಹುಸೇನಮ್ಮ, ಶರಣಬಸವ, ಅಂಬಣ್ಣ, ಯಂಕಮ್ಮ, ಇನ್ನಿಬ್ಬರು. ಆರೂ ಶಿವಾಜಿನಗರದ ಒಂದೇ ಕಂಪ್ಯೂಟರಿನಿಂದ. ಅದು ನಮಗೆ ಕಾಣುತ್ತಿತ್ತು. ‘ನಾವು ಆರು ಮಂದಿ ಒಂದೇ ಕಂಪ್ಯೂಟರಿನಿಂದ ಬರೆಯುತ್ತೇವೆ, ಆದ್ದರಿಂದ ಬೇಡ’ ಎಂದು ಬೇರೆ ಬರೆದಿದ್ದರು. ಆರು ಹೆಸರಿಟ್ಟುಕೊಂಡ ಒಬ್ಬನೇ ಕಳ್ಳ, ಎಂಥ ಧೈರ್ಯ ಇವನದು ಅನ್ನಿಸಿತು ನನಗೆ.

ಹಳೆಯದನ್ನೆಲ್ಲ ತೆಗೆದು ನೋಡಿದೆ. ಈ ಆರು ಹೆಸರಿನಲ್ಲಿ ಲಿಂಗಸೂಗೂರು ಕಡೆಯ ನಲವತ್ತೆರಡು ಹಳ್ಳಿಗಳ ಪುಟ ಬರೆದಾಗಿತ್ತು. ಎಲ್ಲದರಲ್ಲೂ ಒಂದೇ ಧಾಟಿ, ಪೂರ್ಣವಿರಾಮಕ್ಕೆ ಮೊದಲು ಒಂದು ಖಾಲಿ ಜಾಗ. ನನ್ನ ಕಣ್ಣಿಗೆ ಅದು ತಪ್ಪುತ್ತದೆಯೇ? ಮೇಲಾಗಿ ಹುಸೇನಮ್ಮ ತನ್ನ ಪರಿಚಯದಲ್ಲಿ ಶರಣಬಸವ ನನ್ನ ತಮ್ಮ ಎಂದಿದ್ದಳು. ಅಕ್ಕ ಹುಸೇನಮ್ಮ, ತಮ್ಮ ಶರಣಬಸವ! ಯಾರ ಕಿವಿಗೆ ಹೂವಿಡಲು ಹೊರಟಿದ್ದಾರೆ ಅಂದುಕೊಂಡೆ. ಜಗಲಿಯಲ್ಲಿ ಬರೆದೆ: ‘ಈ ಆರೂ ಒಬ್ಬನೇ. ಇವನ ಬೇಡಗಳನ್ನು ಲೆಕ್ಕದಿಂದ ತೆಗೆದಿದ್ದೇನೆ.’ ಹತ್ತು ‘ಬೇಡ’ಗಳು ನಾಲ್ಕಾದವು. ‘ಬೇಕು’ ಒಂಬತ್ತಿತ್ತು. ಹೆಸರು ಸುಳ್ಳೆಂದು ತೀರ್ಮಾನವಾದರೆ ಆ ಹೆಸರಿನ ಪುಟಗಳನ್ನೂ ಅಳಿಸುವುದು ನಮ್ಮ ಪದ್ಧತಿ. ಅದೂ ಗಡುವು ಮುಗಿದೊಡನೆ ಆಗಬೇಕಿತ್ತು.

ಕಳ್ಳನ ಮುಖ ನೋಡದೆ ನನಗೆ ನಿದ್ದೆ ಬರುವುದಿಲ್ಲ. ಗಡುವಿನ ಭಾನುವಾರ ಮಧ್ಯಾಹ್ನ, ನೋಂದಣಿಯಲ್ಲಿ ಆರೂ ಹೆಸರಿಗೆ ಕೊಟ್ಟಿದ್ದ ಒಂದೇ ವಿಳಾಸ ಹಿಡಿದು, ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಲತೀಫ್ ಅನ್ನುವ ಐವತ್ತರ ಆಸುಪಾಸಿನವರ ಬ್ರೌಸಿಂಗ್ ಸೆಂಟರು. ಒಂದೇ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು. ಲತೀಫ್ ಕನ್ನಡ ಟೈಪಿಂಗ್ ಕಲಿತದ್ದು ಅಫಿಡವಿಟ್ಟು ಹೊಡೆದುಕೊಡಲು. ಅವರೇ ಕೀಲಿಮಣೆ ಕುಟ್ಟುತ್ತಿದ್ದರು, ಪರದೆಯ ಮೇಲೆ ಊರುಪುಟ. ಸಿಕ್ಕಿಬಿದ್ದ ಎಂದು ಹಿಗ್ಗಿ ಒಳಗೆ ಕಾಲಿಟ್ಟೆ.

ಆಮೇಲೆ ನೋಡಿದರೆ ಬೆಂಚಿನ ಮೇಲೆ ಆರು ಜನ ಸಾಲಾಗಿ ಕೂತಿದ್ದರು. ನಲವತ್ತು ದಾಟಿದ, ಬೆರಳ ತುದಿ ಬಿಳಿಚಿಕೊಂಡ ಒಬ್ಬ ಹೆಂಗಸು ಹೇಳುತ್ತಿದ್ದಳು, ಲತೀಫ್ ಹೊಡೆಯುತ್ತಿದ್ದರು. ಅವಳೇ ಹುಸೇನಮ್ಮ.

ಅವಳ ಕಥೆ ಆ ಬೆಂಚಿನ ಮೇಲೇ ಗೊತ್ತಾಯಿತು. ಊರು ಯರಗುಂಟಿ. ತಾಯಿ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತಿದ್ದಕ್ಕೆ ಆ ಹೆಸರು. ಆ ಕಡೆ ಹಿಂದೂಗಳಲ್ಲೂ ಅಂಥ ಹೆಸರು ಮನೆಗೊಂದು ಇರುತ್ತದಂತೆ. ಇಷ್ಟು ವರ್ಷ ಬದುಕಿದ ನನಗೆ ಗೊತ್ತಿರಲಿಲ್ಲ. 1993ರಲ್ಲಿ ಗಂಡನ ಜೊತೆ ಬಂದು ಹಲಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಳು. ಏಳೆಂಟು ವರ್ಷ ಕಟ್ಟಡದಲ್ಲಿ ಬಾಂಡ್ಲಿ ಹೊತ್ತು ಸೊಂಟ ಹಿಡಿದ ಮೇಲೆ ಮಾರ್ಕೆಟ್ಟಿನಲ್ಲಿ ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿಯುವ ಕೆಲಸ. ಓದುತ್ತಾಳೆ, ಬೆರಳಿಟ್ಟು ನಿಧಾನಕ್ಕೆ. ಬರೆಯುವುದು ಸಹಿ ಮಾತ್ರ. ಒಂದು ದಿನ ರೇಷನ್ ಕಾರ್ಡಿನ ಅರ್ಜಿ ಹೊಡೆಸಲು ಬಂದಾಗ ಲತೀಫ್ ತಮಾಷೆಗೆ ಅವಳ ಊರಿನ ಪುಟ ತೋರಿಸಿದರಂತೆ. ಬಸ್ಸು ಊರೊಳಗೆ ಬರುತ್ತದೆ ಎಂದು ಬರೆದಿತ್ತು. ಬರುವುದಿಲ್ಲ, ಮೂರು ಮೈಲಿ ಆಚೆ ಕ್ರಾಸಿನಲ್ಲೇ ಇಳಿಯಬೇಕು, ಬಸುರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ನಂಬಿದರೆ ಗತಿಯೇನು ಎಂದು ಜಗಳ ತೆಗೆದಳು. ತಿದ್ದಬಹುದು ಅಂದರು ಲತೀಫ್. ಅಲ್ಲಿಂದ ಭಾನುವಾರಕ್ಕೊಂದು ಹಳ್ಳಿ. ತಮ್ಮ, ಅಕ್ಕಪಕ್ಕದ ಕೋಣೆಯವರು, ಎಲ್ಲ ತಂತಮ್ಮ ಊರು ಹೇಳತೊಡಗಿದರು. ಎಲ್ಲಿ ಇಳಿಯಬೇಕು, ಯಾವ ಬಾವಿಯ ನೀರು ಸಿಹಿ, ನರ್ಸಮ್ಮ ಯಾವ ವಾರ ಬರುತ್ತಾಳೆ, ಇಷ್ಟೇ.

ನಾನು ಮಾತ್ರ ಸೋಲಲು ತಯಾರಿರಲಿಲ್ಲ. ಹೇಳೋರು ಆರು ಜನ ಇದ್ರೂ ಬರೆದೋರು ಒಬ್ಬರೇ ಅಲ್ವಾ ಅಂದೆ. ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಟೈಪ್ ಮಾಡಿದ್ದೀನಿ, ಕೈ ಯಾರದು ಅಂತ ನೋಡಿದ ತಕ್ಷಣ ಹೇಳ್ತೀನಿ ಎಂದೂ ಜಂಬ ಕೊಚ್ಚಿದೆ.

ಹುಸೇನಮ್ಮ ದನಿ ಏರಿಸಲಿಲ್ಲ. “ಹಂಗಾದ್ರ ನೀವು ಹೊಡದ ಕಾಗದ ಎಲ್ಲಾ ನಿಮ್ಮ ಮಾತೇನ್ರೀ ಅಮ್ಮಾರ? ಸಹಿ ಮಾಡಿದ ಸಾಹೇಬ್ರು ಸುಳ್ಳೇನು?”

ನಾಚಿಕೆಯಿಂದ ಮುಖ ಬಿಸಿಯಾಯಿತು. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಮನೆಗೆ ಹೋಗಿ ಬರೆಯುವಷ್ಟು ಹೊತ್ತಿರಲಿಲ್ಲ. ಲತೀಫರನ್ನು ಎಬ್ಬಿಸಿ ನಾನೇ ಕೂತೆ. ನನ್ನ ಹೆಸರಿನಲ್ಲಿ ಒಳಗೆ ಹೋಗಿ ಆರು ‘ಬೇಡ’ಗಳನ್ನು ವಾಪಸ್ಸು ಹಾಕಿದೆ. ಇವರನ್ನು ಕಣ್ಣಾರೆ ಕಂಡಿದ್ದೇನೆ, ತಪ್ಪು ನನ್ನದು ಎಂದು ಬರೆದೆ. ನನ್ನ ‘ಬೇಕು’ವನ್ನೂ ‘ಬೇಡ’ ಮಾಡಿದೆ. ಎಂಟಕ್ಕೆ ಹನ್ನೊಂದು. ಬೆಂಚಿನವರು ಚಹಾ ತರಿಸಿದರು, ಕುಡಿದು ಮನೆಗೆ ಬಂದೆ.

ಬೆಳಿಗ್ಗೆ ನೋಡಿದರೆ ನಾನು ಬರೆದದ್ದೆಲ್ಲ ಮಾಯ. ಜಗಲಿಯಲ್ಲಿ ನಚಿಕೇತನ ಷರಾ: ‘ಅದೇ ಶಿವಾಜಿನಗರದ ಕಂಪ್ಯೂಟರಿನಿಂದ ರಮಾಮಣಿಯವರ ಹೆಸರನ್ನೂ ಕದ್ದು ಬಳಸಲಾಗಿದೆ. ಅವರ ಮೊದಲಿನ ಬೇಕು ಹಾಗೇ ಇರಲಿ. ಬದಲಾವಣೆ ಜಾರಿ.’ ನಲವತ್ತೆರಡು ಪುಟಗಳೂ ಹೋಗಿದ್ದವು. ಫೋನ್ ಮಾಡಿ ಬರೆದದ್ದು ನಾನೇ ಕಣಪ್ಪಾ ಅಂತ ಕೂಗಾಡಿದೆ.

“ಅವರೇನಾದ್ರೂ ನಿಮ್ಮನ್ನ ಹೆದರಿಸಿ ಬರೆಸಿಕೊಂಡ್ರಾ ಆಂಟಿ? ಈಗ ಬದಲಾಯಿಸ್ಬೇಕು ಅಂದ್ರೆ ಮತ್ತೆ ಜಗಲಿಗೇ ಹಾಕ್ಬೇಕು,” ಅಂದ. ನೀನೇ ಹಾಕು ಅಂದೆ, ಹಾಕಿದ. ಜಾಹೀರಾತಿನ ಕಾಟ ನಿಂತು ಎಲ್ಲರೂ ಹಾಯಾಗಿದ್ದರು. ನನ್ನ ಪರವಾಗಿ ಇಬ್ಬರು ಬಂದರು.

ಇನ್ನೊಂದು ಆಮೇಲೆ ತಿಳಿಯಿತು. ಹೊಸ ಸಾಫ್ಟ್‌ವೇರು ಪ್ರತಿ ಹೆಸರನ್ನೂ ಅದನ್ನು ಕೊನೆಗೆ ಬಳಸಿದ ಕಂಪ್ಯೂಟರಿಗೆ ಕಟ್ಟಿಹಾಕಿತ್ತು. ನನ್ನ ಮನೆಯಿಂದ ನನಗೇ ಪ್ರವೇಶವಿಲ್ಲ. ಲತೀಫರ ಕಂಪ್ಯೂಟರಿನಲ್ಲಿ ರಮಾಮಣಿ ಬಿಟ್ಟು ಬೇರೆ ಯಾರಿಗೂ ಇಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ನಾನು ಶಿವಾಜಿನಗರಕ್ಕೆ ಹೋಗತೊಡಗಿದೆ. ಅಳಿಸಿಹೋದ ಪುಟಗಳನ್ನು ಹುಸೇನಮ್ಮ ಮತ್ತೆ ಮೊದಲಿಂದ ಹೇಳುತ್ತಾಳೆ, ನಾನು ಹೊಡೆಯುತ್ತೇನೆ, ಹೆಸರು ನನ್ನದು ಬೀಳುತ್ತದೆ.

ಯರಗುಂಟಿಯ ಪುಟ ಮತ್ತೆ ಬಂದ ವಾರ ಯಾರೋ ನನಗೆ ಬರೆದಿದ್ದರು: ‘ರಮಾಮಣಿಯವರೇ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ಇದು ನಿಮ್ಮ ಊರೇ?’ ಓದಿ ಹೇಳಿದೆ. ನನ್ನದಲ್ಲ, ಹುಸೇನಮ್ಮಂದು ಅಂತ ಬರೆದುಬಿಡ್ತೀನಿ ಅಂದೆ.

“ಬ್ಯಾಡ್ರಿ. ‘ಹೌದು, ನಂದಽ ಊರು’ ಅಂತ ಬರೀರಿ ಅಮ್ಮಾರ,” ಅಂದಳು ಹುಸೇನಮ್ಮ. “ಇಲ್ಲಂದ್ರ ಇದನ್ನೂ ಅಳಸ್ತಾರ.”